ಡ್ಯಾಶ್‌ಬೋರ್ಡಿನ ಬಲ ಮೂಲೆ

"ಇದು ಗಾಜಿಗೆ ಅಂಟೋದು, ಇದು ಎ.ಸಿ. ಕಿಂಡಿಗೆ ಕಚ್ಚಿಸೋದು, ಇದು ಡ್ಯಾಶ್‌ಬೋರ್ಡ್ ಮೇಲೆ ಗಮ್ ಹಾಕಿ ಕೂರಿಸೋದು," ಎನ್ನುತ್ತ ಅಂಗಡಿಯವನು ಮೊಬೈಲ್ ಸ್ಟ್ಯಾಂಡುಗಳನ್ನು ಒಂದೊಂದಾಗಿ ಕೌಂಟರಿನ ಮೇಲೆ ನಿಲ್ಲಿಸಿದ. "ಯಾವುದು ಕೊಡ್ಲಿ ಮೇಡಂ?"

"ಬೀಳದೇ ಇರೋದು ಕೊಡಪ್ಪ."

"ಬೀಳದೇ ಇರೋದು ಅಂತ ಯಾವುದೂ ಇಲ್ಲ. ಯಾವಾಗ ಬೀಳುತ್ತೆ ಅನ್ನೋದಷ್ಟೇ ವ್ಯತ್ಯಾಸ."

ಸಾಮಾನು ಮಾರುವವನ ಬಾಯಲ್ಲಿ ಇಂಥ ಮಾತು ಕೇಳಿ ಬಹಳ ಕಾಲವಾಗಿತ್ತು. ನಾನು ಸ್ಟೂಲು ಎಳೆದುಕೊಂಡು ಕುಳಿತೆ.

"ಗಾಜಿಗೆ ಅಂಟೋದು ಬಿಸಿಲಿಗೆ ಸಡಿಲ ಆಗುತ್ತೆ. ಕಿಂಡಿಗೆ ಕಚ್ಚಿಸೋದು ಸುಲಭ, ಆದ್ರೆ ಫೋನ್ ಭಾರ ಇದ್ರೆ ತಲೆ ತಗ್ಗಿಸುತ್ತೆ. ಗಮ್ಮಿನದು ಗಟ್ಟಿ. ಆದ್ರೆ ಅಂಟಿಸೋ ಮುಂಚೆ ಸೀಟಲ್ಲಿ ಕೂತು, ಜಾಗ ನೋಡಿ, ಮನಸ್ಸು ಗಟ್ಟಿ ಮಾಡ್ಕೊಂಡು ಅಂಟಿಸ್ಬೇಕು. ಒಂದ್ಸಲ ಕಿತ್ತರೆ ಗಮ್ ಸತ್ತ ಹಾಗೆ. ಆಮೇಲೆ ಬೇರೆ ಟೇಪ್ ಹಾಕದೆ ಎಲ್ಲೂ ನಿಲ್ಲಲ್ಲ."

ನನಗೆ ಸ್ಟ್ಯಾಂಡು ಬೇಕಾಗಿದ್ದದ್ದು ನಿಜ. ನಮ್ಮ ಯಜಮಾನರು ಇದ್ದಷ್ಟು ದಿನ ನಾನು ಕಾರು ಓಡಿಸುತ್ತಿದ್ದೆ, ಅವರು ಎಡಗಡೆ ಕುಳಿತು ದಾರಿ ಹೇಳುತ್ತಿದ್ದರು. ಅರ್ಧಕ್ಕರ್ಧ ತಪ್ಪು ದಾರಿ. ಅವರು ಹೋದ ಮೇಲೆ ಆ ಸೀಟಿನಲ್ಲಿ ನನ್ನ ಕೈಚೀಲ ಕೂರುತ್ತದೆ. ಕೈಚೀಲ ತಪ್ಪು ದಾರಿಯನ್ನೂ ಹೇಳುವುದಿಲ್ಲ.

ಆದರೆ ನಾನು ಈ ಅಂಗಡಿ ಹುಡುಕಿಕೊಂಡು ಬಂದದ್ದು ಬೇರೆ ಕಾರಣಕ್ಕೆ. ದೊಡ್ಡ ಕೆರೆಯ ದಂಡೆಯಲ್ಲಿ ಒಂದು ಟ್ಯಾಕ್ಸಿ ನಿಂತಿತ್ತು. ಒಳಗೆ ಡ್ರೈವರಿನ ಫೋನ್ ಇತ್ತು, ಡ್ರೈವರ್ ಇರಲಿಲ್ಲ. ಪೊಲೀಸರು ನೀರನ್ನು ಜಾಲಾಡಿ, ಏನೂ ಸಿಗದೆ, ಆದರೂ ನೀರಿನ ಕಡೆಗೇ ಕೈ ತೋರಿಸಿ ಸುಮ್ಮನಾಗಿದ್ದರು. ಅವನ ತಂಗಿ ಸುಮ್ಮನಾಗಿರಲಿಲ್ಲ. ನನ್ನ ಬಾಗಿಲಿಗೆ ಬಂದಿದ್ದಳು.

ನಾನು ನನ್ನ ಫೋನಿನಲ್ಲಿದ್ದ ಚಿತ್ರವನ್ನು ಅಂಗಡಿಯವನ ಮುಂದೆ ಹಿಡಿದೆ. ಆ ಟ್ಯಾಕ್ಸಿಯ ಡ್ಯಾಶ್‌ಬೋರ್ಡು. ಮಧ್ಯದ ಎ.ಸಿ. ಕಿಂಡಿಗೆ ಕಚ್ಚಿಸಿದ ಸ್ಟ್ಯಾಂಡು, ಅದರಲ್ಲಿ ಫೋನು. ನಾನು ವಿಮಾ ಕಂಪನಿಗಾಗಿ ವರ್ಷಗಟ್ಟಲೆ ಗುದ್ದಿದ ಕಾರುಗಳನ್ನು ನೋಡಿದವಳು. ಎಲ್ಲರೂ ಇರುವುದನ್ನು ನೋಡುತ್ತಾರೆ. ಇದ್ದು ಹೋದದ್ದನ್ನು ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಬಿಸಿಲಿಗೆ ಬೂದಿಬಣ್ಣಕ್ಕೆ ತಿರುಗಿದ್ದ ಡ್ಯಾಶ್‌ಬೋರ್ಡಿನ ಬಲ ತುದಿಯಲ್ಲಿ, ಗಾಜಿನ ಕಂಬದ ಪಕ್ಕದಲ್ಲಿ, ಒಂದು ಗುಂಡನೆಯ ಕಪ್ಪು ಕಲೆಯಿತ್ತು. ಅಲ್ಲಿ ಏನೋ ಬಹಳ ಕಾಲ ಕುಳಿತಿತ್ತು. ಬಿಸಿಲು ಅಷ್ಟು ಜಾಗವನ್ನು ಮುಟ್ಟಿರಲಿಲ್ಲ.

ಅಂಗಡಿಯವನು ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡಿದ.

"ಈ ಗುಂಡನೆ ಕಲೆ ಬಿಟ್ಟಿರೋ ಸ್ಟ್ಯಾಂಡ್ ನಮ್ಮಲ್ಲಿ ತಗೊಂಡಿದ್ದು. ಉದ್ದ ಕತ್ತಿಂದು, ಎಲ್ಲಿಗೆ ಬೇಕಾದ್ರೂ ಬಗ್ಗುತ್ತೆ. ಈಗ ಆ ಮಾಡೆಲ್ ಬರ್ತಿಲ್ಲ."

"ತಗೊಂಡವನು ನೆನಪಿದ್ದಾನಾ?"

"ಮರೆಯೋಕಾಗುತ್ತಾ? ಟ್ಯಾಕ್ಸಿಯೋರು ಬಂದ್ರೆ ಒಂದು ನಿಮಿಷದಲ್ಲಿ ತಗೊಂಡು ಹೋಗ್ತಾರೆ. ಈ ಅಣ್ಣ ಹೆಣ್ಣು ನೋಡೋಕೆ ಬಂದ ಹಾಗೆ ಮಧ್ಯಾಹ್ನ ಪೂರ್ತಿ ಕೂತಿದ್ದ. ಒಂದೊಂದನ್ನೂ ಗಾಡಿಗೆ ತಗೊಂಡು ಹೋಗಿ, ಸೀಟಲ್ಲಿ ಕೂತು, ಈ ಕಣ್ಣು ಮುಚ್ಚಿ ನೋಡೋದು, ಆ ಕಣ್ಣು ಮುಚ್ಚಿ ನೋಡೋದು. ಮಧ್ಯದಲ್ಲಿ ಬೇಡ್ವೇ ಬೇಡ, ಬಲಗಡೆ ಮೂಲೆಗೇ ಬೇಕು ಅಂದ. ನಾನು ತಮಾಷೆಗೆ, ಏನಣ್ಣ, ಎಡಗಡೆ ಮೇಲೆ ಮುನಿಸಾ ಅಂದೆ. ನಗಲಿಲ್ಲ."

"ಯಾವ ಕಣ್ಣು ಮುಚ್ಚಿದಾಗ ತಲೆ ಅಲ್ಲಾಡಿಸಿದ?"

ಅವನು ತನ್ನ ಮುಖದ ಮೇಲೆ ಕೈಯಿಟ್ಟು ನೆನಪು ಮಾಡಿಕೊಂಡ. ಬಲಗಣ್ಣು ಮುಚ್ಚಿಕೊಂಡು, ಎಡಗಣ್ಣಿನಿಂದ ನನ್ನನ್ನು ನೋಡುತ್ತ ಹಾಗೇ ನಿಂತ.

"ಹೀಗೆ ಮುಚ್ಚಿದಾಗ ಮೇಡಂ. ಈ ಎಡಗಣ್ಣಲ್ಲಿ ನೋಡೋವಾಗ, ಫೋನ್ ಎದುರಿಗೇ ಇದ್ರೂ ಕೈಯಲ್ಲಿ ತಡಕಿದ." ಅವನ ಕೈ ನಿಧಾನವಾಗಿ ಕೆಳಗಿಳಿಯಿತು. "ಅಯ್ಯೋ."

ಎಡಗಣ್ಣು ಕಾಣದವನು, ಹೊಟ್ಟೆಪಾಡಿಗೆ ಟ್ಯಾಕ್ಸಿ ಓಡಿಸುವವನು, ಅದನ್ನು ಯಾರಿಗೂ ಹೇಳದವನು. ಹಾಗಾದರೆ ಆ ಮಧ್ಯದ ಸ್ಟ್ಯಾಂಡು ಅವನದಲ್ಲ. ಕೆರೆಯವರೆಗೆ ಗಾಡಿ ಓಡಿಸಿದ್ದೂ ಅವನಲ್ಲ.

"ನಂಗೆ ಈ ಕಿಂಡಿಗೆ ಕಚ್ಚಿಸೋದೇ ಕೊಡು," ಎಂದೆ.

"ಬನ್ನಿ, ಹಾಕಿಕೊಡ್ತೀನಿ."

"ಬೇಡ. ಹಾಕೋಕೆ ಬೇರೆ ಒಬ್ಬನನ್ನು ಹುಡುಕ್ತಿದ್ದೀನಿ."

* * *

ತಂಗಿಯ ಮನೆಗೆ ಹೋಗುವಾಗ ಸ್ಟ್ಯಾಂಡು ಇನ್ನೂ ಡಬ್ಬದಲ್ಲೇ ಇತ್ತು, ಫೋನು ನನ್ನ ತೊಡೆಯ ಮೇಲಿತ್ತು. ಮ್ಯಾಪಿನ ಹೆಂಗಸು ತೊಡೆಯ ಮೇಲಿಂದಲೇ ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಎನ್ನುತ್ತಿದ್ದಳು. ಅವಳಿಗೆ ಕೋಪ ಬರುವುದಿಲ್ಲ. ತಪ್ಪು ತಿರುವು ತೆಗೆದುಕೊಂಡರೂ ಅದೇ ದನಿಯಲ್ಲಿ ಹೊಸ ದಾರಿ ಹೇಳುತ್ತಾಳೆ. ಒಂಟಿಯಾಗಿರುವವರಿಗೆ ಅದು ಎಷ್ಟು ದೊಡ್ಡ ಉಪಕಾರ ಎಂದು ಅವಳನ್ನು ತಯಾರು ಮಾಡಿದವರಿಗೆ ಗೊತ್ತಿದೆಯೋ ಇಲ್ಲವೋ.

ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನು, ಅದರ ಸುತ್ತ ಬಟ್ಟೆಯ ತುಂಡುಗಳು. ಒಳಗೆ ಅಣ್ಣನ ಕೋಣೆ. ಮನೆ ಅಷ್ಟೇ. ತಂಗಿ ಕಾಲನ್ನು ಪೆಡಲಿನಿಂದ ತೆಗೆಯದೆ ತಲೆಯೆತ್ತಿದಳು.

"ಬನ್ನಿ ಅಕ್ಕ. ಗೊತ್ತಾಯ್ತಾ? ಅವನಾಗೇ ಹೋದನಾ, ಯಾರಾದ್ರೂ ಕರ್ಕೊಂಡು ಹೋದ್ರಾ?"

ಬಂದಾಗಲೆಲ್ಲ ಇದೇ ಪ್ರಶ್ನೆ. ಮೊದಲ ದಿನವೇ ಅವಳು ನನಗೆ ಹೇಳಿದ್ದಳು: "ಅವನಾಗೇ ನನ್ನ ಬಿಟ್ಟು ಹೋಗಿದ್ರೆ ಈ ಮನೆ ಖಾಲಿ ಮಾಡ್ತೀನಿ. ಯಾರಾದ್ರೂ ಕರ್ಕೊಂಡು ಹೋಗಿದ್ರೆ ಸಾಯೋವರೆಗೂ ಇಲ್ಲೇ ಕಾಯ್ತೀನಿ. ಎರಡರಲ್ಲಿ ಒಂದು ಹೇಳಿ, ಸಾಕು." ಅಂಥ ಮಾತು ಹೇಳಿದವಳ ಮುಂದೆ ಊಹೆಗಳನ್ನು ಇಡಬಾರದು. ಗೊತ್ತಿದ್ದರೆ ಹೇಳಬೇಕು, ಇಲ್ಲದಿದ್ದರೆ ನೀರು ಕುಡಿದು ಬರಬೇಕು.

"ನಿಮ್ಮಣ್ಣನ ಎಡಗಣ್ಣಿಗೆ ಏನಾಗಿತ್ತಮ್ಮ?"

ಮಷೀನು ನಿಂತಿತು.

"ಏನಾಗಿತ್ತು? ಏನೂ ಇಲ್ವಲ್ಲ." ಅವಳು ಬಟ್ಟೆಯಿಂದ ದಾರ ಕಡಿದಳು. ಅದನ್ನು ಬೆರಳಿಗೆ ಸುತ್ತುತ್ತ ಕುಳಿತಳು. "ಊಟಕ್ಕೆ ಕೂತಾಗ ನನ್ನನ್ನ ಯಾವಾಗ್ಲೂ ಬಲಗಡೆಗೇ ಕೂರಿಸ್ಕೊಳ್ತಿದ್ದ. ಎಡಗಡೆಯಿಂದ ಹೋಗಿ ಮಾತಾಡಿಸಿದ್ರೆ ಬೆಚ್ಚಿಬೀಳ್ತಿದ್ದ. ಏನೋ ಯೋಚನೆಯಲ್ಲಿದ್ದಾನೆ ಅನ್ಕೊಳ್ತಿದ್ದೆ."

"ಹೇಳ್ಲಿಲ್ವಾ ಅವನು?"

"ನಮ್ಮಿಬ್ಬರದ್ದು ಮಾತು ಕಡಿಮೆ ಅಕ್ಕ. ಬಂದ, ಉಂಡ, ಮಲಗಿದ. ಅವನು ಮಾತಾಡ್ತಿದ್ದದ್ದು ಆ ಮ್ಯಾಪಿನವಳ ಜೊತೆ. ಊರೆಲ್ಲ ಬಾಯಿಪಾಠ ಇದ್ರೂ ಮ್ಯಾಪ್ ಹಾಕ್ಕೊಳ್ಳೋನು. ಅವಳು ‘ಬಲಕ್ಕೆ ತಿರುಗಿ’ ಅಂದ್ರೆ ಇವನು ‘ಆಯ್ತಮ್ಮ’ ಅಂತಿದ್ದ. ಪ್ರತಿ ತಿರುವಿಗೂ ಆಯ್ತಮ್ಮ. ಕಟ್ಕೊಂಡ ಹೆಂಡತಿಗೂ ಯಾರೂ ಅಷ್ಟು ವಿಧೇಯರಾಗಿರಲ್ಲ." ನಕ್ಕಳು. ನಗು ಅರ್ಧದಲ್ಲೇ ಎಲ್ಲೋ ಹೋಯಿತು.

"ನೀನು ಅವನ ಗಾಡಿಯಲ್ಲಿ ಓಡಾಡ್ತಿದ್ಯಾ?"

"ಯಾವಾಗ್ಲೋ ಒಮ್ಮೆ. ನಂಗೆ ಗಾಡಿ ಆಗಲ್ಲ, ತಲೆ ತಿರುಗುತ್ತೆ. ನಾನುಂಟು, ಈ ಮಷೀನುಂಟು."

ಅಣ್ಣನ ಕೋಣೆಯನ್ನು ಮತ್ತೊಮ್ಮೆ ನೋಡುತ್ತೇನೆಂದು ಒಳಗೆ ಹೋದೆ. ಮಂಚ, ಮಡಿಸಿಟ್ಟ ಹೊದಿಕೆ, ಗೂಟಕ್ಕೆ ಒಂದು ಅಂಗಿ. ಹೋದ ಸಲ ನೋಡಿಯೂ ನೋಡದೆ ಬಿಟ್ಟಿದ್ದದ್ದು ಈಗ ಕಣ್ಣಿಗೆ ಬಿತ್ತು. ಮಂಚದ ಬಲಗಡೆ, ತಲೆದಿಂಬಿನ ಹತ್ತಿರದ ಹಲಗೆಗೆ ಉದ್ದ ಕತ್ತಿನ ಸ್ಟ್ಯಾಂಡೊಂದನ್ನು ಅಂಟಿಸಲಾಗಿತ್ತು. ಅಡಿಯಲ್ಲಿ ದರ್ಜಿಗಳು ಅಂಚು ಕೂರಿಸಲು ಬಳಸುವ, ಎರಡೂ ಬದಿ ಅಂಟುವ ಟೇಪು. ಅದರ ಅಂಚು ಇನ್ನೂ ಬಿಳಿಯಾಗಿತ್ತು.

"ಇದು ಗಾಡಿಯಲ್ಲಿದ್ದದ್ದಾ?"

ತಂಗಿ ಬಾಗಿಲ ಬಳಿ ನಿಂತಿದ್ದಳು. "ಹ್ಞೂಂ. ಗಾಡಿಗೆ ಹೊಸದು ಹಾಕಿಸ್ದೆ ಅಂತ ಇದನ್ನ ಇಲ್ಲಿಗೆ ತಂದ. ಆಗ್ಲೇ ಬಹಳ ದಿನ ಆಯ್ತು."

ಮಧ್ಯಾಹ್ನವಿಡೀ ಕೂತು ಬಲ ಮೂಲೆಯನ್ನು ಆರಿಸಿಕೊಂಡವನು ತಾನಾಗಿ ಮಧ್ಯಕ್ಕೆ ಹೋಗುವನೇ? ಕಾಣದ ಕಡೆಗೆ? ಕೇಳಬೇಕೆನಿಸಿತು. ಆದರೆ ಅವಳು ಆ ಖಾಲಿ ಮಂಚವನ್ನು ನೋಡುತ್ತಿದ್ದ ರೀತಿಗೆ ಬಾಯಿ ಬರಲಿಲ್ಲ. ಗಂಡ ಹೋದ ಮನೆಯಲ್ಲಿ ನಾನೂ ಮಂಚವನ್ನು ಹಾಗೇ ನೋಡುತ್ತೇನೆ ಎಂದುಕೊಂಡೆ.

ಕನಿಕರ ನನ್ನ ಕಣ್ಣಿಗೂ ಒಂದು ಪೊರೆ ಕಟ್ಟಿತ್ತು ಎನ್ನುವುದು ಆಗ ತಿಳಿಯಲಿಲ್ಲ.

* * *

ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಸಂಜೆಯ ಬಿಸಿಲು ಗಾಡಿಗಳ ಗಾಜಿನ ಮೇಲೆ ಬಿದ್ದಿತ್ತು. ಸಾಲಿನ ಪಕ್ಕದಲ್ಲಿ ನಡೆಯುತ್ತ ನಾನು ಒಂದೊಂದರ ಒಳಗೂ ಇಣುಕಿದೆ. ನಾನು ಹುಡುಕುತ್ತಿದ್ದದ್ದು ಒಂದು ಚೂರು ರಬ್ಬರು. ಕೆರೆಯ ದಂಡೆಯ ಟ್ಯಾಕ್ಸಿಯಲ್ಲಿ, ಸ್ಟ್ಯಾಂಡಿನ ಹಲ್ಲು ಕಿಂಡಿಯ ಪಟ್ಟಿಯನ್ನು ಕಚ್ಚುವ ಜಾಗದಲ್ಲಿ, ಹಳೇ ಟ್ಯೂಬಿನಿಂದ ಕತ್ತರಿಸಿದ ತೆಳ್ಳನೆಯ ಪಟ್ಟಿ ಸುತ್ತಿತ್ತು. ಅದರ ತುದಿಯನ್ನು ಓರೆಯಾಗಿ ಕತ್ತರಿಸಿ ಒಳಕ್ಕೆ ಸಿಕ್ಕಿಸಲಾಗಿತ್ತು. ಈ ಗಾಡಿಗಳಲ್ಲಿ ಯಾರೂ ಆ ಕಷ್ಟ ತೆಗೆದುಕೊಂಡಿರಲಿಲ್ಲ.

ಕೊನೆಯದು ಹಾಡುಗಾರನ ಗಾಡಿ. ಅಣ್ಣನ ಗೆಳೆಯ, ಇಬ್ಬರೂ ಯಾವಾಗಲೂ ಅಕ್ಕಪಕ್ಕ ನಿಲ್ಲಿಸುತ್ತಿದ್ದರಂತೆ. ಯಾವ ಹೊತ್ತಿನಲ್ಲೂ ಮೂಗಿನಲ್ಲಿ ಒಂದು ರಾಗ ಇರುವುದರಿಂದ ಅವನಿಗೆ ಆ ಹೆಸರು. ಆ ದಿನ ತನಗೆ ಜ್ವರ, ಅಣ್ಣನ ಗಾಡಿಯ ಹತ್ತಿರವೂ ಹೋಗಿಲ್ಲ ಎಂದು ಪೊಲೀಸರಿಗೂ ನನಗೂ ಹೇಳಿದ್ದ. ಅವನ ಪಕ್ಕದ ಜಾಗ ಖಾಲಿಯಿತ್ತು. ಸಾಲು ಎಷ್ಟೇ ಇಕ್ಕಟ್ಟಾದರೂ ಅಲ್ಲಿ ಯಾರೂ ಗಾಡಿ ತಂದು ನಿಲ್ಲಿಸಿರಲಿಲ್ಲ.

ನಾನು ನನ್ನ ಕಾರನ್ನು ಅಲ್ಲಿಗೇ ತಂದು ನಿಲ್ಲಿಸಿದೆ. ಅವನಿಗೆ ಅದು ಹಿಡಿಸಲಿಲ್ಲ. ಆದರೂ ಎದ್ದು ಬಂದ.

"ಒಂದು ಉಪಕಾರ ಮಾಡಪ್ಪ. ಈ ಸ್ಟ್ಯಾಂಡ್ ಹಾಕೋಕೆ ನನಗೆ ಕೈ ಬರ್ತಿಲ್ಲ."

"ಇದೇನು ಬ್ರಹ್ಮವಿದ್ಯೆನಾ ಮೇಡಂ? ಸರೀರಿ."

ಅವನು ಒಳಗೆ ಕುಳಿತ, ಡಬ್ಬ ಬಿಚ್ಚಿದ, ಗುನುಗತೊಡಗಿದ. ಕಿಂಡಿಯ ಪಟ್ಟಿಯನ್ನು ಉಗುರಿನಿಂದ ಅಲ್ಲಾಡಿಸಿ ಕಿವಿಗೊಟ್ಟ. ಮುಖ ಹುಳ್ಳಗಾಯಿತು. ಇಳಿದು ಹೋಗಿ ತನ್ನ ಗಾಡಿಯ ಬಾಗಿಲ ಗೂಡಿನಿಂದ ಟ್ಯೂಬಿನ ತುಂಡನ್ನೂ ಬ್ಲೇಡನ್ನೂ ತಂದ. ಉದ್ದಕ್ಕೆ ಒಂದು ಪಟ್ಟಿ ಸೀಳಿದ, ಸುತ್ತಿದ, ತುದಿಯನ್ನು ಓರೆಯಾಗಿ ಕತ್ತರಿಸಿ ಒಳಕ್ಕೆ ಸಿಕ್ಕಿಸಿದ.

ನಾನು ಬಾಗಿಲಿನಿಂದ ಒಳಕ್ಕೆ ಬಾಗಿ ಆ ತುದಿಯನ್ನು ನೋಡಿದೆ.

"ಅದ್ಯಾಕಪ್ಪ ರಬ್ಬರು?"

"ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಉಜ್ಜಿದ್ರೆ ಕಿರ್ ಕಿರ್ ಅನ್ನುತ್ತೆ. ಗುಂಡಿ ಬಂದಾಗೆಲ್ಲ ಕಿರ್. ಹಾಡು ಕೇಳೋವಾಗ ಆ ಸದ್ದು ನಂಗೆ ಆಗೋದೇ ಇಲ್ಲ."

"ಬೇರೆಯೋರೂ ಹೀಗೇ ಮಾಡ್ತಾರಾ?"

"ಅವರಾ?" ಸಾಲಿನ ಕಡೆಗೆ ಗದ್ದ ತೋರಿಸಿದ. "ಅವರಿಗೆಲ್ಲಿದೆ ಮೇಡಂ ಕಿವಿ? ಸೈಲೆನ್ಸರ್ ಬಿದ್ದುಹೋದ್ರೂ ಗೊತ್ತಾಗಲ್ಲ ಅವರಿಗೆ."

ನಾನು ಎಡಗಡೆಯ ಬಾಗಿಲು ತೆಗೆದು, ಕೈಚೀಲವನ್ನು ಮಡಿಲಿಗೆ ಎತ್ತಿಕೊಂಡು, ಅವನ ಪಕ್ಕದಲ್ಲಿ ಕುಳಿತೆ. ಫೋನಿನಲ್ಲಿ ಆ ಚಿತ್ರ ತೆಗೆದು, ಅವನು ಈಗಷ್ಟೇ ಹಾಕಿದ ಸ್ಟ್ಯಾಂಡಿನಲ್ಲಿ ಇಟ್ಟೆ. ರಬ್ಬರಿನ ಜಾಗವನ್ನು ದೊಡ್ಡದು ಮಾಡಿದೆ.

ಗುನುಗು ನಿಂತಿತು.

"ಜ್ವರ ಅಂದಿದ್ದೆಯಲ್ಲ," ಎಂದೆ.

ಅವನು ಎರಡೂ ಕೈಗಳನ್ನು ಸ್ಟೇರಿಂಗಿನ ಮೇಲಿಟ್ಟ. ಓಡಿಹೋಗುವ ಆಸಾಮಿಯಾಗಿರಲಿಲ್ಲ. ಇಷ್ಟು ದಿನ ಯಾರಾದರೂ ಬಂದು ಕೇಳಲಿ ಎಂದು ಕಾಯುತ್ತಿದ್ದವನ ಹಾಗಿದ್ದ.

"ನಾನು ಅವನಿಗೆ ಏನೂ ಮಾಡಿಲ್ಲ ಮೇಡಂ."

"ಮಾಡಿದ್ದೀಯ ಅಂತ ನಾನೂ ಹೇಳ್ಲಿಲ್ಲ. ಏನಾಯ್ತು ಹೇಳು."

"ಅವತ್ತು ಸಂಜೆ ಇಲ್ಲಿಗೇ ಬಂದ. ಗಾಡಿಯ ಎಡಗಡೆ ಮೂಲೆ ಒಳಗೆ ಹೋಗಿತ್ತು."

ಆ ತಗ್ಗನ್ನು ನಾನೂ ಕೆರೆಯ ದಂಡೆಯಲ್ಲೇ ನೋಡಿದ್ದೆ. ಹಳೆಯದಿರಬಹುದೆಂದು ಪೊಲೀಸರು ಹೇಳಿದ್ದರು.

"ಏನೋ ತಾಗಿತು ಅಂದ. ಏನು ತಾಗಿತು ಅಂದೆ. ‘ಕಾಣಲಿಲ್ಲ ಕಣೋ’ ಅಂದ. ಇನ್ನೇನು ಕೇಳಿದ್ರೂ ಅದೇ ಮಾತು, ಕಾಣಲಿಲ್ಲ. ಕೈಯಲ್ಲಿ ಆ ಉದ್ದ ಕತ್ತಿನ ಸ್ಟ್ಯಾಂಡ್ ಹಿಡ್ಕೊಂಡಿದ್ದ. ಕಿತ್ಕೊಂಡು ಬಂದಿದ್ದ. ಗಮ್ಮು ಜೋತಾಡ್ತಿತ್ತು. ‘ನಾನಿನ್ನು ಇದನ್ನ ಓಡಿಸಲ್ಲ, ನೀನು ತಗೊಂಡು ಹೋಗಿ ಕೆರೆ ಹತ್ರ ಬಿಟ್ಟು ಬಾ, ಫೋನೂ ಅದರಲ್ಲೇ ಇರಲಿ’ ಅಂದ. ಫೋನಿನ ಮ್ಯಾಪಲ್ಲಿ ದಾರಿ ಅವನೇ ಹಾಕಿಕೊಟ್ಟ."

"ಯಾಕೆ ಅಂತ ಕೇಳಲಿಲ್ವಾ?"

"ಕೇಳಿದೆ. ನನ್ನ ಕೈ ಹಿಡ್ಕೊಂಡ. ಇಷ್ಟು ವರ್ಷ ಪಕ್ಕದಲ್ಲೇ ನಿಲ್ಲಿಸಿದ್ದೀವಿ, ಒಂದು ದಿನ ಹಾಗೆ ಕೈ ಹಿಡಿದಿರಲಿಲ್ಲ." ಅವನು ಕಿಟಕಿಯ ಕಡೆ ಮುಖ ತಿರುಗಿಸಿದ. "ಆಗಲ್ಲ ಅನ್ನೋಕಾಗಲಿಲ್ಲ."

"ಸ್ಟ್ಯಾಂಡ್ ಯಾಕೆ ಹಾಕಿದೆ? ಅದನ್ನ ಹಾಕದಿದ್ರೆ ನಿನ್ನ ಹೆಸರೇ ಬರ್ತಿರಲಿಲ್ಲ."

"ಸೀಟಿನ ಮೇಲೆ ಫೋನ್ ಜಾರ್ತಿತ್ತು. ಎದುರಿಗೆ ಫೋನ್ ಇಲ್ದಿದ್ರೆ ನನ್ನ ಕೈ ಗೇರ್ ಹಾಕಲ್ಲ ಮೇಡಂ, ರೂಢಿ. ನನ್ನ ಹತ್ರ ಒಂದು ಹೆಚ್ಚಿಗೆ ಇತ್ತು. ಹಾಕಿದೆ. ಇಳಿಯೋವಾಗ ಬಿಚ್ಚಬೇಕು ಅಂತ ಹೊಳೆಯಲೇ ಇಲ್ಲ." ರಬ್ಬರಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿದ. "ವಾಪಸ್ ನಡ್ಕೊಂಡು ಬಂದೆ. ಅಷ್ಟು ದೂರ ನಡೆದ್ರೂ ಒಂದು ಹಾಡೂ ನೆನಪಾಗಲಿಲ್ಲ."

ಇನ್ನುಳಿದದ್ದು ಒಂದೇ ಪ್ರಶ್ನೆ. ಅದರ ಉತ್ತರ ತೆಗೆದುಕೊಂಡು ಹೋಗಿ ಆ ಹುಡುಗಿಯ ಮುಂದಿಟ್ಟರೆ ನನ್ನ ಕೆಲಸ ಮುಗಿಯುತ್ತದೆ ಎಂದುಕೊಂಡೆ. ಅವನಾಗೇ ಹೋದ. ಮನೆ ಖಾಲಿ ಮಾಡಮ್ಮ. ಹೇಗೆ ಹೇಳುವುದೆಂದು ಬಾಯಲ್ಲಿ ಮಾತು ಹೊಂದಿಸಿಕೊಳ್ಳುತ್ತಲೇ ಕೇಳಿದೆ:

"ಕೆರೆಗೆ ಹೋಗೋ ಮುಂಚೆ ಅವನನ್ನ ಎಲ್ಲಿ ಇಳಿಸಿದೆ? ಬಸ್ಸಿಗಾ, ರೈಲಿಗಾ?"

ಅವನು ನನ್ನನ್ನು ವಿಚಿತ್ರವಾಗಿ ನೋಡಿದ.

"ಮನೆಗೆ ಮೇಡಂ."

"ಯಾರ ಮನೆಗೆ?"

"ಅವನ ಮನೆಗೇ. ತಂಗಿನೇ ಬಾಗಿಲು ತೆಗೆದ್ಲು. ಅವನ ಕೈಯಿಂದ ಆ ಸ್ಟ್ಯಾಂಡ್ ಇಸ್ಕೊಂಡು, ತೋಳು ಹಿಡಿದು ಒಳಗೆ ಕರ್ಕೊಂಡ್ಲು. ಎಡಗಡೆ ತೋಳು." ಅವನ ದನಿ ತಗ್ಗಿತು. "ನನಗೆ, ನೀರು ಬೇಕಾ ಅಂತಾನೂ ಕೇಳಿದ್ಲು. ಅವಳು ನಿಮಗೆ ಹೇಳಿರ್ತಾಳೆ ಅನ್ಕೊಂಡಿದ್ದೆ. ನೀವು ಅವಳ ಕಡೆಯೋರಲ್ವಾ?"

* * *

ಅವನು ಇಳಿದು ಹೋದ ಮೇಲೂ ನಾನು ಎಡಗಡೆಯ ಸೀಟಿನಲ್ಲೇ ಕುಳಿತಿದ್ದೆ. ಬಹಳ ದಿನಗಳ ಮೇಲೆ ಆ ಸೀಟಿನಲ್ಲಿ ಮನುಷ್ಯರೊಬ್ಬರು ಕುಳಿತದ್ದು. ಅಲ್ಲಿಂದ ನೋಡಿದರೆ ಸ್ಟೇರಿಂಗಿನ ಹಿಂದೆ ಯಾರೂ ಇರಲಿಲ್ಲ.

ಬಿಳಿಯಾಗಿದ್ದ ಟೇಪಿನ ಅಂಚು. ಬಹಳ ದಿನವಾಗಿದ್ದರೆ ಅಷ್ಟು ಬಟ್ಟೆಯ ಧೂಳಿರುವ ಮನೆಯಲ್ಲಿ ಅದು ಕಪ್ಪಾಗಿರಬೇಕಿತ್ತು. ಗಾಡಿ ಕೆರೆ ಸೇರಿದ ಮೇಲೆ ಆ ಸ್ಟ್ಯಾಂಡನ್ನು ಮಂಚದ ಬಲಗಡೆಗೆ ಅಂಟಿಸಲಾಗಿದೆ. ದರ್ಜಿಯ ಕೈಯಿಂದ, ದರ್ಜಿಯ ಟೇಪಿನಿಂದ, ಬಲಗಣ್ಣು ಮಾತ್ರ ಕಾಣುವವನೊಬ್ಬ, ಯಾರೂ ಬಾರದ ಹೊತ್ತಿನಲ್ಲಿ, ಮಲಗಿ ನೋಡಲೆಂದು. ಕಣ್ಣಿನ ವಿಷಯ ಅವಳಿಗೆ ಮೊದಲೇ ಗೊತ್ತಿತ್ತು.

ಹಾಗಿದ್ದರೆ ಅವಳು ನನ್ನನ್ನು ಯಾಕೆ ಕರೆದಳು? ಬಾಗಿಲು ತೆಗೆದು ಒಳಗೆ ಕರೆದುಕೊಂಡವಳೇ, ಅವನಾಗೇ ಹೋದನಾ ಎಂದು ನನ್ನನ್ನು ಯಾಕೆ ಕೇಳುತ್ತಾಳೆ? ಗುಟ್ಟು ಎಷ್ಟು ಹೊರಬಿದ್ದಿದೆ, ಮನೆ ಖಾಲಿ ಮಾಡುವ ಹೊತ್ತು ಬಂತೇ ಎಂದು ನನ್ನ ಬಾಯಿಂದಲೇ ತಿಳಿದುಕೊಳ್ಳಲೇ?

ಬಲಗಡೆಗೆ ಸರಿದು ಕುಳಿತು, ಹೊಸ ಸ್ಟ್ಯಾಂಡಿನಲ್ಲಿದ್ದ ಫೋನಿನಿಂದಲೇ ಅವಳಿಗೆ ಕರೆ ಮಾಡಿದೆ. ಕಾರಿನ ಗಾಜುಗಳನ್ನು ಏರಿಸಿದೆ. ಹೊರಗಿನ ಸದ್ದೆಲ್ಲ ನಿಂತಿತು. ಕೂಡಲೇ ಎತ್ತಿಕೊಂಡಳು.

"ಎಲ್ಲಿದ್ದೀಯಮ್ಮ?"

"ಇನ್ನೆಲ್ಲಿರ್ತೀನಿ ಅಕ್ಕ? ಮನೆಯಲ್ಲಿ, ಮಷೀನ್ ಮುಂದೆ." ಎಂದಿನ ದನಿಯೇ. ಸ್ವಲ್ಪ ಏದುಸಿರಿತ್ತು. "ಗೊತ್ತಾಯ್ತಾ ಅಕ್ಕ? ಅವನಾಗೇ ಹೋದನಾ, ಇಲ್ಲ..."

ಮಷೀನಿನ ಸದ್ದು ಬರಲಿಲ್ಲ. ಅದರ ಬದಲು ಅವಳ ದನಿಯ ಹಿಂದೆ ಒಂದೇ ಸಮನೆ ಗುರ್‌ಗುಟ್ಟುವ ಎಂಜಿನ್. ಅದರ ಮೇಲೆ ನನಗೆ ಚೆನ್ನಾಗಿ ಪರಿಚಯವಾಗಿದ್ದ, ಯಾವತ್ತೂ ಕೋಪ ಬಾರದ ಆ ಹೆಂಗಸಿನ ಮಾತು:

"ಮುಂದೆ ಬಲಕ್ಕೆ ತಿರುಗಿ."

ನಾನು ನನ್ನ ಫೋನನ್ನು ನೋಡಿದೆ. ಅದರಲ್ಲಿ ಮ್ಯಾಪು ಹಾಕಿರಲಿಲ್ಲ.

ಆ ಕಡೆ ತಂಗಿ ಉಸಿರು ಬಿಗಿಹಿಡಿದಳು. ಫೋನಿನ ಬಾಯಿಗೆ ಕೈ ಅಡ್ಡ ಹಿಡಿದ ಸದ್ದಾಯಿತು. ಆದರೆ ತಡವಾಗಿತ್ತು. ಬೆರಳುಗಳ ಸಂದಿನಿಂದ, ದಣಿದ ಗಂಡಸಿನ ದನಿಯೊಂದು ಮೆಲ್ಲಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಆಯ್ತಮ್ಮ."